ಅಳಿಸುವುದು ಬೇರೆ, ಲಾಗ್‌ಔಟ್ ಬೇರೆ: ಒಂದು ಜೆರಾಕ್ಸ್ ಅಂಗಡಿಯ ಕುಕೀ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ, ಬಸ್ ನಿಲ್ದಾಣಕ್ಕೆ ಎದುರಾಗಿರುವ ಜೆರಾಕ್ಸ್ ಅಂಗಡಿಯಲ್ಲಿ ಸುಮಾರು ಮೂರು ವಾರಗಳಲ್ಲಿ ನಡೆದ ಸಂಗತಿಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅಂಗಡಿ, ಮಾಲೀಕರು, ಗ್ರಾಹಕರು, ಅರ್ಜಿ ತುಂಬಿದ ಜಾಲತಾಣಗಳು, ಇವುಗಳಲ್ಲಿ ಯಾವುದರ ಹೆಸರನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಹೆಸರಿಗೆ ಜೆರಾಕ್ಸ್ ಅಂಗಡಿಯಾದರೂ ಅದು ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ನೇಮಕಾತಿ ಪರೀಕ್ಷೆ, ಪ್ಯಾನ್ ಕಾರ್ಡ್ ತಿದ್ದುಪಡಿ ಹೀಗೆ ಋತುಮಾನಕ್ಕೆ ತಕ್ಕಂತೆ ಜನ ಬರುತ್ತಾರೆ. ಇರುವುದು ಮೂರು ಕಂಪ್ಯೂಟರ್. ಮೂರರಲ್ಲೂ ವಿಂಡೋಸ್, ಕ್ರೋಮ್, ಮತ್ತು ಪಾಸ್‌ವರ್ಡ್ ಇಲ್ಲದ ಒಂದೇ ಒಂದು ಬಳಕೆದಾರ ಖಾತೆ. ಒಬ್ಬರು ಎದ್ದ ಕುರ್ಚಿಯ ಬಿಸಿ ಆರುವ ಮೊದಲೇ ಇನ್ನೊಬ್ಬರು ಕೂರುತ್ತಾರೆ. ಆ ಕಂಪ್ಯೂಟರ್‌ಗಳ ರಿಪೇರಿ ನೋಡಿಕೊಳ್ಳುವವನು ನಾನು. ಈ ಪ್ರಕರಣದಲ್ಲಿ ನಾನು ಬರೀ ಸಾಕ್ಷಿಯಾಗಿರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಘಟನೆ

ನೇಮಕಾತಿ ಅರ್ಜಿಗಳ ಕೊನೆಯ ವಾರ, ಸಂಜೆ ಏಳು ಗಂಟೆಯ ಹೊತ್ತು. ಒಬ್ಬ ಯುವತಿ ಅರ್ಜಿ ತುಂಬಿ, ಒಟಿಪಿ ನೋಡಲು ಅದೇ ಬ್ರೌಸರ್‌ನಲ್ಲಿ ತನ್ನ ಇಮೇಲನ್ನೂ ತೆರೆದು, ಕೆಲಸ ಮುಗಿದ ಮೇಲೆ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿ ಹೊರಟಳು. ಲಾಗ್‌ಔಟ್ ಮಾಡಲಿಲ್ಲ. ಬ್ರೌಸರ್ ಮುಚ್ಚಿದರೆ ಎಲ್ಲವೂ ಮುಚ್ಚಿತು ಎಂದೇ ಅವಳು ತಿಳಿದಿದ್ದಳು, ಹೆಚ್ಚಿನವರು ತಿಳಿಯುವುದೂ ಹಾಗೆಯೇ. ಹತ್ತು ನಿಮಿಷದೊಳಗೆ, ಸ್ಕ್ಯಾನರ್ ಒಳಗೇ ಬಿಟ್ಟುಹೋಗಿದ್ದ ಅಂಕಪಟ್ಟಿಗಾಗಿ ಓಡಿ ಬಂದಳು. ಬಂದು ನೋಡಿದರೆ ಅವಳು ಕೂತಿದ್ದ ಜಾಗದಲ್ಲಿ ಗುರುತಿಲ್ಲದ ಒಬ್ಬರು ಕೂತಿದ್ದರು, ಪರದೆಯ ಮೇಲೆ ಅವಳ ಫೋಟೊ, ಮೊಬೈಲ್ ಸಂಖ್ಯೆ, ಜಾತಿ ಪ್ರಮಾಣಪತ್ರದ ವಿವರ. ಆ ಗ್ರಾಹಕರು ಮಾಡಿದ್ದು ಇಷ್ಟೇ: ಕ್ರೋಮ್ ತೆರೆದಿದ್ದರು. ಪಕ್ಕದ ಟ್ಯಾಬ್‌ನಲ್ಲಿ ಅವಳ ಇಮೇಲ್ ಕೂಡ ತೆರೆದಿತ್ತು.

ಜಗಳ ಆಯಿತು. ಪೊಲೀಸ್ ಠಾಣೆಯ ಮಾತೂ ಬಂತು. ಮಾಲೀಕರು ಕೈಮುಗಿದು, ಶುಲ್ಕ ವಾಪಸ್ ಕೊಟ್ಟು, ಅವಳ ಎದುರಿಗೇ ಆ ಬ್ರೌಸರ್‌ನ ಚರಿತ್ರೆ, ಕುಕೀ, ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಪುಟಗಳ ನಕಲು) ಎಲ್ಲವನ್ನೂ ಅಳಿಸಿದರು.

ಕುಕೀ ಎಂಬ ಟೋಕನ್

ಮುಂದಿನ ನಿರ್ಧಾರಗಳು ಏಕೆ ತಪ್ಪಿದವು ಎಂದು ತಿಳಿಯಲು ಕುಕೀ ಏನು ಮಾಡುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಜಾಲತಾಣದ ಸರ್ವರ್‌ಗೂ ನಮ್ಮ ಬ್ರೌಸರ್‌ಗೂ ನಡುವೆ ಮಾತುಕತೆ ನಡೆಸುವ ಎಚ್‌ಟಿಟಿಪಿ ಎಂಬ ಕ್ರಮಕ್ಕೆ ನೆನಪಿನ ಶಕ್ತಿಯಿಲ್ಲ. ಒಂದು ಪುಟ ಕೇಳಿದಿರಿ, ಕೊಟ್ಟಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ಕೇಳುತ್ತಿರುವವರು ನೀವೇ ಎಂದು ಅದಕ್ಕೆ ತಿಳಿಯದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೇ ಕುಕೀ. ಸರ್ವರ್ ತನ್ನ ಉತ್ತರದ ಜೊತೆಗೆ ಒಂದು ಚಿಕ್ಕ ಬರಹವನ್ನು ಕಳಿಸುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಅದೇ ತಾಣಕ್ಕೆ ಮತ್ತೆ ಹೋದಾಗಲೆಲ್ಲ ಹಾಗೆಯೇ ಒಪ್ಪಿಸುತ್ತದೆ. ಒಂದು ಕುಕೀಯ ಗಾತ್ರ ಸುಮಾರು 4 ಕಿಲೋಬೈಟ್ ಮೀರುವುದಿಲ್ಲ.

ಮಾಲೀಕರಿಗೆ ಇದನ್ನು ನಾನು ವಿವರಿಸಿದ್ದು ಬನಶಂಕರಿ ದೇವಸ್ಥಾನದ ಲೆಕ್ಕದಲ್ಲಿ. ರಾಹುಕಾಲದ ನಿಂಬೆಹಣ್ಣಿನ ದೀಪಕ್ಕೆಂದು ಶುಕ್ರವಾರ ಹೋದರೆ ಚಪ್ಪಲಿ ಬಿಡುವ ಕಡೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಕೂತವರು ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಟೋಕನ್ ಕೊಡುತ್ತಾರೆ, ಟೋಕನ್ ತಂದವರಿಗೆ ಆ ಸಂಖ್ಯೆಯ ಚಪ್ಪಲಿ. ಟೋಕನ್ ಮೇಲೆ ನಿಮ್ಮ ಹೆಸರಿಲ್ಲ, ಚಪ್ಪಲಿಯ ಅಳತೆಯೂ ಇಲ್ಲ. ಆದರೂ ಅದು ಬೇರೆಯವರ ಕೈಗೆ ಸಿಕ್ಕರೆ ಚಪ್ಪಲಿ ಅವರದೇ. ಲಾಗಿನ್ ಆದಾಗ ಸಿಗುವ ಕುಕೀ ಇಂಥ ಟೋಕನ್. ಅದರೊಳಗೆ ಪಾಸ್‌ವರ್ಡ್ ಇರುತ್ತದೆ ಎಂಬುದು ತಪ್ಪು ಕಲ್ಪನೆ. ಸಾಮಾನ್ಯವಾಗಿ ಇರುವುದು ಊಹಿಸಲಾಗದ ಒಂದು ಉದ್ದನೆಯ ಸಂಖ್ಯೆ, ಅದು ಯಾರದು ಎಂಬ ಲೆಕ್ಕ ಸರ್ವರ್‌ನಲ್ಲಿ.

ಈ ಟೋಕನ್‌ಗಳಲ್ಲಿ ಎರಡು ಬಗೆ. ಮುಕ್ತಾಯದ ದಿನಾಂಕ ಹೊತ್ತು ಬರುವವು ಬ್ರೌಸರ್ ಮುಚ್ಚಿದರೂ ಉಳಿಯುತ್ತವೆ, ಇಮೇಲ್‌ನಲ್ಲಿ ವಾರಗಟ್ಟಲೆ ಲಾಗಿನ್ ಉಳಿಯುವುದು ಇವುಗಳಿಂದ. ದಿನಾಂಕವಿಲ್ಲದವು ಸೆಶನ್ ಕುಕೀಗಳು. ಬ್ರೌಸರ್ ಮುಚ್ಚಿದಾಗ ಅವು ಸಾಯಬೇಕು. ಅರ್ಜಿಯ ತಾಣ ಕೊಟ್ಟಿದ್ದು ಈ ಎರಡನೆಯ ಬಗೆಯದು. ಹಾಗಾದರೆ ಅದು ಸಾಯಲಿಲ್ಲವೇಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಾರದ ನಂತರ. ಅಷ್ಟರಲ್ಲಿ ಎರಡು ತಪ್ಪುಗಳು ಆಗಿಹೋಗಿದ್ದವು.

ಮೊದಲ ಪ್ರಯತ್ನ: ಎಲ್ಲವನ್ನೂ ತಡೆಯುವುದು

ಆ ರಾತ್ರಿಯೇ ಮಾಲೀಕರು ಮೂರೂ ಕಂಪ್ಯೂಟರ್‌ಗಳ ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ವಿಭಾಗದ ಸೈಟ್ ಡೇಟಾ ಪುಟದಲ್ಲಿದ್ದ ಮೂರು ಆಯ್ಕೆಗಳಲ್ಲಿ ಅತಿ ಕಠಿಣವಾದದ್ದನ್ನು, ಅಂದರೆ ಯಾವ ತಾಣವೂ ಏನನ್ನೂ ಉಳಿಸಬಾರದು ಎಂಬುದನ್ನು, ಆರಿಸಿದರು. ಅವರ ತರ್ಕ ಸರಳ: ಕುಕೀಯಿಂದ ತೊಂದರೆ, ಕುಕೀ ಬೇಡ.

ಮರುದಿನ ಬೆಳಗ್ಗೆ ಒಬ್ಬರೂ ಲಾಗಿನ್ ಆಗಲಿಲ್ಲ. ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ, ಒಟಿಪಿ ಹಾಕಿದರೆ ತಾಣ ಒಪ್ಪುತ್ತದೆ, ಒಪ್ಪಿ ಮತ್ತೆ ಅದೇ ಲಾಗಿನ್ ಪುಟಕ್ಕೆ ತಂದು ನಿಲ್ಲಿಸುತ್ತದೆ. ಸರ್ವರ್ ಟೋಕನ್ ಕೊಡುತ್ತಿತ್ತು, ಬ್ರೌಸರ್ ಅದನ್ನು ಬಾಗಿಲಲ್ಲೇ ಬಿಸಾಡುತ್ತಿತ್ತು, ಮುಂದಿನ ಪುಟಕ್ಕೆ ಹೋಗುವಾಗ ಕೈ ಖಾಲಿ. ಇಬ್ಬರ ಖಾತೆಗಳು ಹೆಚ್ಚು ಸಲ ಒಟಿಪಿ ಕೇಳಿದ ಕಾರಣಕ್ಕೆ ಕೆಲಹೊತ್ತು ಬಂದ್ ಆದವು. ಕೌಂಟರ್‌ನಲ್ಲಿ ಮಧ್ಯಾಹ್ನದವರೆಗೂ ಕೇಳಿಬಂದ ಉತ್ತರ ಒಂದೇ, "ಸರ್ವರ್ ಡೌನ್ ಇದೆ". ಬೆಂಗಳೂರಿನ ಯಾವ ಅರ್ಜಿ ಅಂಗಡಿಯಲ್ಲಿ ನಿಂತರೂ ದಿನಕ್ಕೊಮ್ಮೆ ಈ ಮಾತು ಕಿವಿಗೆ ಬೀಳುತ್ತದೆ, ಬಹುಪಾಲು ಸಲ ಅದು ನಿಜವೂ ಹೌದು. ಹಾಗಾಗಿಯೇ ಆ ದಿನ ಅದು ನಿಜವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ರೂಟರ್ ಎರಡು ಸಲ ಆರಿಸಿ ಹಚ್ಚಿದರು. ಕೊನೆಗೆ ಕಾಯುತ್ತಿದ್ದ ಗ್ರಾಹಕರೊಬ್ಬರು ಅದೇ ವೈಫೈ ಹಿಡಿದು ತಮ್ಮ ಮೊಬೈಲ್‌ನಲ್ಲಿ ಅದೇ ತಾಣಕ್ಕೆ ಲಾಗಿನ್ ಆಗಿ ತೋರಿಸಿದ ಮೇಲೆ, ದೋಷ ಅಂಗಡಿಯ ಒಳಗಿದೆ ಎಂಬುದು ಖಚಿತವಾಯಿತು. ಇಂಥ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಬೆಳಗ್ಗೆ ಒಂಬತ್ತಕ್ಕೇ ಮಾಡಬಹುದಿತ್ತು.

ಎರಡನೆಯ ಪ್ರಯತ್ನ: ಇನ್‌ಕಾಗ್ನಿಟೊ

ಮಾಲೀಕರು ತಡೆಯನ್ನು ತೆಗೆದರು. ಬದಲಿಗೆ ಅಂಗಡಿಯ ಸಹಾಯಕ ಹುಡುಗ ಒಂದು ದಾರಿ ಸೂಚಿಸಿದ: ಎಲ್ಲ ಗ್ರಾಹಕರ ಕೆಲಸವನ್ನೂ ಇನ್‌ಕಾಗ್ನಿಟೊ, ಅಂದರೆ ಕ್ರೋಮ್‌ನ ಖಾಸಗಿ ಕಿಟಕಿಯಲ್ಲಿ ಮಾಡುವುದು. ಆಲೋಚನೆ ಸರಿಯಾಗಿಯೇ ಇತ್ತು. ಇನ್‌ಕಾಗ್ನಿಟೊದಲ್ಲಿ ಕುಕೀಗಳು ಕೆಲಸ ಮಾಡುತ್ತವೆ, ಮುಚ್ಚಿದಾಗ ಅಳಿಯುತ್ತವೆ, ಅಂಗಡಿಗೆ ಬೇಕಾಗಿದ್ದೂ ಅದೇ. ನಾಲ್ಕು ದಿನ ಯಾವ ತಕರಾರೂ ಬರಲಿಲ್ಲ.

ಐದನೆಯ ದಿನ ಎಡವಟ್ಟಾಯಿತು. ಅಣ್ಣತಮ್ಮಂದಿರಿಬ್ಬರು ಒಂದೇ ನೇಮಕಾತಿಗೆ ಅರ್ಜಿ ಹಾಕಲು ಬಂದರು. ಅಣ್ಣನ ಅರ್ಜಿ ಅರ್ಧ ತುಂಬಿದಾಗ ಅವನ ಫೋಟೊ ಸ್ಕ್ಯಾನ್ ಆಗಬೇಕಿತ್ತು. ಸಮಯ ಉಳಿಸಲು ಸಹಾಯಕ ಇನ್ನೊಂದು ಇನ್‌ಕಾಗ್ನಿಟೊ ಕಿಟಕಿ ತೆರೆದು ತಮ್ಮನನ್ನು ಲಾಗಿನ್ ಮಾಡಿಸಿದ. ಫೋಟೊ ಸಿದ್ಧವಾದ ಮೇಲೆ ಮೊದಲ ಕಿಟಕಿಗೆ ಮರಳಿ ಅಣ್ಣನ ಫೋಟೊ ಮತ್ತು ಸಹಿಯನ್ನು ಏರಿಸಿ ಉಳಿಸಿದ. ಪರದೆಯ ಮೇಲ್ಭಾಗದಲ್ಲಿ ಆಗಲೂ ಅಣ್ಣನ ಹೆಸರೇ ಕಾಣುತ್ತಿತ್ತು. ಆದರೆ ಫೋಟೊ ಹೋಗಿ ಕೂತದ್ದು ತಮ್ಮನ ಅರ್ಜಿಯಲ್ಲಿ. ಪಿಡಿಎಫ್ ಮುದ್ರಿಸಿದಾಗ ತಮ್ಮನ ಹೆಸರಿನ ಕೆಳಗೆ ಅಣ್ಣನ ಮುಖ.

ಆಗ ನನಗೆ ಕರೆ ಬಂತು.

ಎರಡು ಕಿಟಕಿಗಳಿದ್ದರೆ ಟೋಕನ್ ಇಡಲು ಎರಡು ಜೇಬುಗಳಿವೆ ಎಂದು ಆ ಹುಡುಗ ತಿಳಿದಿದ್ದ. ಕ್ರೋಮ್‌ನಲ್ಲಿ ತೆರೆದಿರುವ ಎಲ್ಲ ಇನ್‌ಕಾಗ್ನಿಟೊ ಕಿಟಕಿಗಳಿಗೂ ಜೇಬು ಒಂದೇ. ಕೊನೆಯ ಕಿಟಕಿ ಮುಚ್ಚಿದಾಗ ಮಾತ್ರ ಅದು ಖಾಲಿಯಾಗುತ್ತದೆ. ಅದರೊಳಗೆ ಒಂದು ತಾಣದ ಒಂದು ಹೆಸರಿನ ಕುಕೀಗೆ ಇರುವುದೂ ಒಂದೇ ಜಾಗ. ತಮ್ಮ ಲಾಗಿನ್ ಆದಾಗ ಬಂದ ಹೊಸ ಟೋಕನ್ ಅಣ್ಣನದನ್ನು ತಳ್ಳಿ ಅದೇ ಜಾಗದಲ್ಲಿ ಕೂತಿತು. ಮೊದಲ ಕಿಟಕಿಯಲ್ಲಿ ಕಾಣುತ್ತಿದ್ದ ಅಣ್ಣನ ಹೆಸರು ಮುಂಚೆ ಬಂದಿಳಿದ ಪುಟದ ಚಿತ್ರ ಮಾತ್ರ. ಉಳಿಸುವ ಗುಂಡಿ ಒತ್ತಿದಾಗ ಬ್ರೌಸರ್ ಕಳಿಸಿದ್ದು ತಮ್ಮನ ಟೋಕನ್. ಎಷ್ಟೋ ತಾಣಗಳಲ್ಲಿ ಏಕಕಾಲಕ್ಕೆ ಎರಡು ಟ್ಯಾಬ್ ತೆರೆಯಬೇಡಿ ಎಂಬ ಎಚ್ಚರಿಕೆ ಇರುವುದು ಸುಮ್ಮನೆ ಅಲ್ಲ. ಅದೃಷ್ಟಕ್ಕೆ ಅರ್ಜಿಯನ್ನು ಅಂತಿಮವಾಗಿ ಸಲ್ಲಿಸಿರಲಿಲ್ಲ, ತಿದ್ದಲು ಅವಕಾಶವಿತ್ತು.

ಹುಡುಗನ ಇನ್ನೊಂದು ಅಭ್ಯಾಸವೂ ಗೊತ್ತಾಯಿತು. ಬೆಳಗ್ಗೆ ತೆರೆದ ಒಂದು ಇನ್‌ಕಾಗ್ನಿಟೊ ಕಿಟಕಿಯನ್ನು ಅವನು ರಾತ್ರಿಯವರೆಗೂ ಮುಚ್ಚುತ್ತಿರಲಿಲ್ಲ, ಪದೇ ಪದೇ ತೆರೆಯುವುದೇಕೆ ಎಂದು. ಅಂದರೆ ಆ ನಾಲ್ಕು ನಿಶ್ಚಿಂತ ದಿನಗಳಲ್ಲಿಯೂ ಜೇಬು ಖಾಲಿಯಾಗುತ್ತಿದ್ದದ್ದು ದಿನಕ್ಕೊಮ್ಮೆ.

ತಿರುವು

ಆ ದಿನ ಅಂಗಡಿ ಮುಚ್ಚಿದ ಮೇಲೆ ಮೊದಲ ಘಟನೆಯನ್ನು ಮತ್ತೆ ನಡೆಸಿ ನೋಡಿದೆ. ಸಾಮಾನ್ಯ ಕಿಟಕಿಯಲ್ಲಿ ನನ್ನದೇ ಖಾತೆಯಿಂದ ಅರ್ಜಿಯ ತಾಣಕ್ಕೆ ಲಾಗಿನ್ ಆಗಿ, ಎಫ್12 ಒತ್ತಿ, ಅಪ್ಲಿಕೇಶನ್ ಎಂಬ ಭಾಗದಲ್ಲಿ ಕುಕೀಗಳ ಪಟ್ಟಿ ತೆರೆದೆ. ಲಾಗಿನ್ ಕುಕೀಯ ಸಾಲಿನಲ್ಲಿ ಮುಕ್ತಾಯದ ಅಂಕಣದಲ್ಲಿ ದಿನಾಂಕವಿರಲಿಲ್ಲ, ಸೆಶನ್ ಎಂದಷ್ಟೇ ಇತ್ತು. ಬ್ರೌಸರ್ ಮುಚ್ಚಿ ಮತ್ತೆ ತೆರೆದೆ. ಹಿಂದಿನ ಟ್ಯಾಬ್‌ಗಳು ತಾವಾಗಿ ತೆರೆದುಕೊಂಡವು, ಅವುಗಳ ಜೊತೆ ಸಾಯಬೇಕಿದ್ದ ಆ ಕುಕೀಯೂ ಜೀವಂತ ಬಂತು.

ಕಾರಣ ಆರಂಭದ ಸೆಟ್ಟಿಂಗ್‌ನಲ್ಲಿತ್ತು. ಬ್ರೌಸರ್ ತೆರೆದಾಗ ಹಿಂದೆ ಬಿಟ್ಟಲ್ಲಿಂದ ಮುಂದುವರಿಯಬೇಕು ಎಂಬ ಆಯ್ಕೆ ಅಲ್ಲಿ ಚಾಲೂ ಇತ್ತು. ಅದು ಟ್ಯಾಬ್‌ಗಳನ್ನಷ್ಟೇ ಅಲ್ಲದೆ ಸೆಶನ್ ಕುಕೀಗಳನ್ನೂ ಮರಳಿ ತರುತ್ತದೆ. ಆ ಆಯ್ಕೆಯನ್ನು ಚಾಲೂ ಮಾಡಿದವನು ನಾನೇ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವಾಗ ಗ್ರಾಹಕರ ಪುಟಗಳೆಲ್ಲ ಕಳೆದುಹೋಗುತ್ತವೆ ಎಂದು ಮಾಲೀಕರು ಹೇಳಿದ್ದಕ್ಕೆ, ಆರು ತಿಂಗಳ ಹಿಂದೆ, ಎರಡು ನಿಮಿಷದಲ್ಲಿ ಮಾಡಿಕೊಟ್ಟ ಅನುಕೂಲ. ಅದರ ಹೆಸರಿನಲ್ಲಿ ಕುಕೀ ಎಂಬ ಪದವಿಲ್ಲ, ಪ್ರೈವೆಸಿ ಪುಟದಲ್ಲಿ ಅದು ಕಾಣುವುದೂ ಇಲ್ಲ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರ್‌ನಲ್ಲಿ ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಹತ್ತಾರು ಜನರ ಕಂಪ್ಯೂಟರ್‌ನಲ್ಲಿ ಅದರ ಅರ್ಥ ಬೇರೆಯಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಎರಡನೆಯ ತಿರುವು ಆ ಯುವತಿಯಿಂದಲೇ ಬಂತು. ಕ್ಷಮೆ ಕೇಳಲು ಮಾಲೀಕರು ಫೋನ್ ಮಾಡಿದಾಗ, ಅವಳ ಮೊಬೈಲ್‌ನಲ್ಲಿ ಇಮೇಲ್ ಖಾತೆಯ ಭದ್ರತಾ ಪುಟವನ್ನು ತೆರೆದು ಲಾಗಿನ್ ಆಗಿರುವ ಸಾಧನಗಳ ಪಟ್ಟಿ ನೋಡುವಂತೆ ಹೇಳಿಸಿದೆ. ಅಂಗಡಿಯ ಕಂಪ್ಯೂಟರ್ ಅಲ್ಲಿ ಇನ್ನೂ ಇತ್ತು, ಅವಳ ಕಣ್ಣೆದುರೇ ಎಲ್ಲವನ್ನೂ ಅಳಿಸಿ ವಾರವಾಗಿದ್ದರೂ. ಮಾಲೀಕರಿಗೆ ಇದು ನಂಬಲಾಗದ ಸಂಗತಿ. ಟೋಕನ್ ಕಳೆದುಕೊಂಡ ಮಾತ್ರಕ್ಕೆ ಸ್ಟ್ಯಾಂಡಿನಲ್ಲಿರುವ ಚಪ್ಪಲಿ ಮಾಯವಾಗುವುದಿಲ್ಲ, ಆ ಸಂಖ್ಯೆ ಇನ್ನೂ ಚಾಲ್ತಿಯಲ್ಲಿರುತ್ತದೆ ಎಂದ ಮೇಲೆ ಅರ್ಥವಾಯಿತು. ಕುಕೀ ಅಳಿಸುವುದೆಂದರೆ ನಮ್ಮ ಕೈಯಲ್ಲಿನ ಟೋಕನ್ ಬಿಸಾಡುವುದು; ಲಾಗ್‌ಔಟ್ ಎಂದರೆ ಕೌಂಟರ್‌ಗೆ ಹೋಗಿ ಆ ಸಂಖ್ಯೆಯನ್ನೇ ರದ್ದು ಮಾಡಿಸುವುದು. ಅಳಿಸುವ ಮೊದಲು ಯಾರಾದರೂ ಅದರ ನಕಲು ತೆಗೆದುಕೊಂಡಿದ್ದರೆ, ರದ್ದಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಆ ನಕಲು ನಡೆಯುತ್ತದೆ. ಅವಳು ಮೊಬೈಲ್‌ನಿಂದಲೇ ಆ ಸಾಧನವನ್ನು ಸೈನ್‌ಔಟ್ ಮಾಡಿದಳು.

ಅಲ್ಲಿಯವರೆಗೆ ಎಷ್ಟು ಕುಕೀ ಬಿಡಬೇಕು, ಎಷ್ಟು ತಡೆಯಬೇಕು ಎಂದು ಯೋಚಿಸುತ್ತಿದ್ದೆವು. ಅಂಗಡಿಯ ಮಟ್ಟಿಗೆ ಕೇಳಬೇಕಾದದ್ದು ಬೇರೆ: ಈ ಟೋಕನ್ ಯಾರದು, ಅವರು ಕುರ್ಚಿಯಿಂದ ಎದ್ದಾಗ ಅದು ಸಾಯುತ್ತದೆಯೇ?

ಮೂರನೆಯ ವ್ಯವಸ್ಥೆ

ಗ್ರಾಹಕರ ಕೆಲಸವನ್ನೆಲ್ಲ ಕ್ರೋಮ್‌ನ ಗೆಸ್ಟ್ ಮೋಡ್‌ಗೆ, ಅಂದರೆ ಅತಿಥಿಗಳಿಗೆಂದೇ ಇರುವ ಪ್ರತ್ಯೇಕ ಕಿಟಕಿಗೆ, ಬದಲಿಸಿದೆವು. ಇನ್‌ಕಾಗ್ನಿಟೊದಲ್ಲಿ ಅಂಗಡಿಯ ಬುಕ್‌ಮಾರ್ಕ್ ಮತ್ತು ಉಳಿಸಿಟ್ಟ ಪಾಸ್‌ವರ್ಡ್‌ಗಳು ಕೈಗೆ ಸಿಗುತ್ತವೆ, ಗೆಸ್ಟ್‌ನಲ್ಲಿ ಅವು ಸಿಗುವುದಿಲ್ಲ. ನೇರವಾಗಿ ಗೆಸ್ಟ್ ಕಿಟಕಿಯೇ ತೆರೆಯುವ ಶಾರ್ಟ್‌ಕಟ್ ಒಂದನ್ನು ಡೆಸ್ಕ್‌ಟಾಪ್‌ನ ನಡುವೆ ಇಟ್ಟು, ಮಾಮೂಲಿ ಕ್ರೋಮ್ ಚಿಹ್ನೆಯನ್ನು ಅಲ್ಲಿಂದ ತೆಗೆದೆ. ಅಂಗಡಿಯ ಸ್ವಂತ ಲಾಗಿನ್‌ಗಳಿಗೆ ಪ್ರತ್ಯೇಕ ಪ್ರೊಫೈಲ್. ಕ್ರೋಮ್‌ನ ಒಂದೊಂದು ಪ್ರೊಫೈಲ್‌ಗೂ ಒಂದೊಂದು ಜೇಬು. ಗೆಸ್ಟ್ ಕಿಟಕಿಗಳಿಗೂ ಜೇಬು ಒಂದೇ ಆದ್ದರಿಂದ ಒಂದು ಕಂಪ್ಯೂಟರ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ, ಇಬ್ಬರ ಕೆಲಸ ಒಟ್ಟಿಗೆ ಬಂದರೆ ಎರಡನೆಯವರದು ಫೈರ್‌ಫಾಕ್ಸ್‌ನ ಖಾಸಗಿ ಕಿಟಕಿಯಲ್ಲಿ. ಆರಂಭದ ಸೆಟ್ಟಿಂಗ್ ಹೊಸ ಟ್ಯಾಬ್‌ಗೆ ಮರಳಿತು. ಕಿಟಕಿ ಮುಚ್ಚಿದರೂ ಹಿನ್ನೆಲೆಯಲ್ಲಿ ಕ್ರೋಮ್ ನಡೆಯುತ್ತಿರಲು ಬಿಡುವ ಆಯ್ಕೆಯನ್ನೂ ಬಂದ್ ಮಾಡಿದೆ.

ಇದಕ್ಕೆ ಬೆಲೆ ತೆರಬೇಕಾಯಿತು. ಕರೆಂಟ್ ಹೋದರೆ ಗೆಸ್ಟ್ ಕಿಟಕಿಯಲ್ಲಿ ಏನೂ ಉಳಿಯುವುದಿಲ್ಲ. ಮಾಲೀಕರು ಎರಡು ದಿನ ಗೊಣಗಿ ಕೊನೆಗೆ ಮೂರಕ್ಕೂ ಯುಪಿಎಸ್ ತಂದರು. ಕರೆಂಟ್ ಸಮಸ್ಯೆಯನ್ನು ಬ್ರೌಸರ್ ಸೆಟ್ಟಿಂಗ್‌ನಲ್ಲಿ ಪರಿಹರಿಸಲು ಹೊರಟದ್ದೇ ನನ್ನ ಮೂಲ ತಪ್ಪು.

ಮೂರನೆಯವರ ಕುಕೀಗಳ ವಿಷಯವನ್ನು ಅಂಗಡಿಯ ಪ್ರೊಫೈಲ್‌ನಲ್ಲಿ ಬೇರೆಯಾಗಿ ನೋಡಿದೆವು. ನೀವು ತೆರೆದ ತಾಣದ ಪುಟದೊಳಗೆ ಜಾಹೀರಾತಿನ ಕಂಪನಿಯಂಥ ಇನ್ನೊಂದು ತಾಣ ಕೂತು ಇಡುವ ಕುಕೀ ಅದು. ಹತ್ತು ತಾಣಗಳಲ್ಲಿ ಅದೇ ಕಂಪನಿ ಕೂತಿದ್ದರೆ ಹತ್ತರಲ್ಲೂ ನಿಮ್ಮನ್ನು ಗುರುತಿಸುತ್ತದೆ. ಸಫಾರಿ ಇವುಗಳನ್ನು 2020ರಿಂದ ಪೂರ್ತಿ ತಡೆಯುತ್ತಿದೆ, ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣಕ್ಕೆ ಒಂದೊಂದು ಡಬ್ಬಿ ಮಾಡಿ ಬೇರ್ಪಡಿಸಿದೆ. ಕ್ರೋಮ್ ತೆಗೆದುಹಾಕುತ್ತೇನೆಂದು 2020ರಲ್ಲಿ ಹೇಳಿ, ಮುಂದೂಡುತ್ತ ಹೋಗಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಹಾಗಾಗಿ ತಡೆಯುವ ಆಯ್ಕೆಯನ್ನು ನಾವೇ ಒತ್ತಬೇಕು. ಒತ್ತಿದ ಮೇಲೆ ಅಂಗಡಿ ಬಳಸುವ ಒಂದೇ ಒಂದು ತಾಣದ ಒಳಚೌಕಟ್ಟಿನಲ್ಲಿ ದಾಖಲೆ ತೆರೆಯಲಿಲ್ಲ. ಅದೊಂದಕ್ಕೆ ವಿನಾಯಿತಿ ಕೊಟ್ಟೆವು. ಎಲ್ಲಕ್ಕೂ ಬಿಡುವುದಕ್ಕಿಂತ ಒಂದಕ್ಕೆ ಬಿಡುವುದು ಮೇಲು.

ಸೆಟ್ಟಿಂಗ್‌ಗೆ ಬಗ್ಗದ ಒಂದು ತೊಂದರೆಯೂ ಎದುರಾಯಿತು. ಒಂದು ತಾಣದಲ್ಲಿ ಶುಲ್ಕ ಕಟ್ಟಲು ಪಾವತಿಯ ಪುಟಕ್ಕೆ ಹೋಗಿ ಮರಳಿದರೆ ಕೆಲವು ಸಲ ಲಾಗಿನ್ ಪುಟ ಬರುತ್ತಿತ್ತು, ಹಣ ಮಾತ್ರ ಕಡಿತವಾಗಿರುತ್ತಿತ್ತು. ಕುಕೀ ಪಟ್ಟಿಯಲ್ಲಿ ನೋಡಿದರೆ ಆ ತಾಣದ ಲಾಗಿನ್ ಕುಕೀಗೆ, ಬೇರೆ ತಾಣದಿಂದ ಬಂದಾಗ ಕುಕೀಯನ್ನು ಒಪ್ಪಿಸಬೇಕೇ ಎಂದು ಹೇಳುವ ಸೇಮ್‌ಸೈಟ್ ಎಂಬ ಅಂಕಣ ಖಾಲಿ. ಹಾಗೆ ಖಾಲಿ ಬಿಟ್ಟ ಕುಕೀಯನ್ನು, ಬೇರೆ ತಾಣವೊಂದು ಪೋಸ್ಟ್ ವಿಧಾನದಲ್ಲಿ, ಅಂದರೆ ಫಾರ್ಮ್ ಸಲ್ಲಿಸುವ ರೀತಿಯಲ್ಲಿ, ನಮ್ಮನ್ನು ಹಿಂದಕ್ಕೆ ಕಳಿಸಿದಾಗ ಕ್ರೋಮ್ 2020ರಿಂದ ಒಪ್ಪಿಸುವುದಿಲ್ಲ. ಕುಕೀ ಹುಟ್ಟಿ ಎರಡು ನಿಮಿಷದೊಳಗಾದರೆ ಮಾತ್ರ ರಿಯಾಯಿತಿ. ಲಾಗಿನ್ ಆದ ಕೂಡಲೇ ಕಟ್ಟಿದವರಿಗೆ ದಾಟುತ್ತಿತ್ತು, ಅರ್ಜಿ ತುಂಬಿ ನಿಧಾನವಾಗಿ ಕಟ್ಟಿದವರಿಗೆ ಇಲ್ಲ. ಸರಿಪಡಿಸಬೇಕಾದವರು ತಾಣ ಕಟ್ಟಿದವರು. ನಾವು ಮಾಡಿಕೊಂಡ ನಿಯಮ ಇಷ್ಟೇ: ಎರಡನೆಯ ಸಲ ಕಟ್ಟುವ ಮೊದಲು ಮತ್ತೆ ಲಾಗಿನ್ ಆಗಿ ಪಾವತಿಯ ಸ್ಥಿತಿ ನೋಡುವುದು. ಅದಕ್ಕೂ ಮುಂಚೆ ಒಬ್ಬರು ಎರಡು ಸಲ ಕಟ್ಟಿದ್ದರು.

ಫಲಿತಾಂಶ

ಈ ವ್ಯವಸ್ಥೆ ಬಂದು ಎರಡು ತಿಂಗಳಾಯಿತು. ಒಬ್ಬರ ಅರ್ಜಿ ಇನ್ನೊಬ್ಬರಿಗೆ ಕಂಡ ದೂರು ಮತ್ತೆ ಬಂದಿಲ್ಲ. ಇದರಲ್ಲಿ ಸೆಟ್ಟಿಂಗ್‌ಗಳ ಪಾಲೆಷ್ಟು, ಸಹಾಯಕನ ಹೊಸ ರೂಢಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ನನ್ನ ಅಂದಾಜಿನಲ್ಲಿ ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್‌ನಿಂದಲೇ ಹೆಚ್ಚು ಉಪಯೋಗವಾಯಿತು, ಏಕೆಂದರೆ ಅದಕ್ಕೆ ಯಾರೂ ಏನನ್ನೂ ನೆನಪಿಡಬೇಕಾಗಿಲ್ಲ. ನಾವು ಒಂದೊಂದೇ ಸೆಟ್ಟಿಂಗ್ ಬದಲಿಸಿ, ಒಂದು ದಿನ ನೋಡಿ, ಮುಂದಿನದಕ್ಕೆ ಹೋಗಿದ್ದರೆ ಮೊದಲ ವಾರದ ಗೊಂದಲ ತಪ್ಪುತ್ತಿತ್ತು. ಮೂರೂ ಕಂಪ್ಯೂಟರ್‌ಗಳಲ್ಲಿ ಒಂದೇ ರಾತ್ರಿ ಬದಲಿಸಿದ್ದರಿಂದ, ಹೋಲಿಸಿ ನೋಡಲು ಸರಿಯಿರುವ ಒಂದು ಕಂಪ್ಯೂಟರ್ ಕೂಡ ಉಳಿದಿರಲಿಲ್ಲ.

ಲಾಗ್‌ಔಟ್ ವಿಷಯ ಮಾತ್ರ ಪೂರ್ತಿ ಬಗೆಹರಿದಿಲ್ಲ. ಕೆಲವು ತಾಣಗಳಲ್ಲಿ ಆ ಗುಂಡಿ ಮೂರು ಗೆರೆಗಳ ಮೆನು ಒಳಗೆ ಅಡಗಿರುತ್ತದೆ, ಅವಸರದವರಿಗೆ ಸಿಗುವುದಿಲ್ಲ. ಈಗ ಶುಲ್ಕ ತೆಗೆದುಕೊಳ್ಳುವ ಮೊದಲು ಸಹಾಯಕ ಕುರ್ಚಿಯಿಂದ ಎದ್ದುಬಂದು ಪರದೆ ನೋಡುತ್ತಾನೆ, "ಲಾಗ್‌ಔಟ್ ಆಯ್ತಾ?" ಎನ್ನುತ್ತಾನೆ, ಆಗಿಲ್ಲದಿದ್ದರೆ ಗ್ರಾಹಕರ ಕೈಯಲ್ಲೇ ಮಾಡಿಸುತ್ತಾನೆ. ಕಳೆದ ವಾರ ಹಾಗೆ ಕೇಳಿಸಿಕೊಂಡ ಒಬ್ಬ ಹಿರಿಯರು, ಅಂಗಡಿಗೆ ಬಂದದ್ದು ಎರಡು ಜೆರಾಕ್ಸ್ ಪ್ರತಿಗೆ ಮಾತ್ರ ಎಂದು ಹೇಳಿ ನಕ್ಕರಂತೆ.